ಕೂಲಿಯ ಕೈಯೂ ಹಕ್ಕಲಿನ ಕಣ್ಣೂ

ಬೆಳ್ಳಟ್ಟಿಯ ಸೀಮೆಯಲ್ಲಿ ಶೇಂಗಾ ಕೀಳುವ ಹಂಗಾಮು ಬಂದಿತೆಂದರೆ ಜಮೀನುದಾರರ ಬಾಯಲ್ಲಿ ಒಂದೇ ದೂರು ಕೇಳಬರುತ್ತದೆ. ಕೂಲಿಯ ದರವು ವರ್ಷವರ್ಷಕ್ಕೂ ಏರುತ್ತಲಿದೆ, ಕೆಲಸವು ಮಾತ್ರ ವರ್ಷವರ್ಷಕ್ಕೂ ಇಳಿಯುತ್ತಲಿದೆ, ಬಳ್ಳಿ ಕಿತ್ತ ತರುವಾಯ ನೆಲದಲ್ಲಿ ಉಳಿದ ಕಾಯಿಯನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂಬುದೇ ಆ ದೂರು. ಅದು ಸುಳ್ಳಲ್ಲ. ಆದರೆ ಅದೇ ಹೊಲದಲ್ಲಿ ಎರಡು ದಿವಸ ಬಿಟ್ಟು ನಡೆಯುವ ಇನ್ನೊಂದು ಸಂಗತಿಯ ಕಡೆಗೆ ಲಕ್ಷ್ಯ ಹೋಗುವದು ವಿರಳ. ಒಡೆಯನು ಬಳ್ಳಿಯನ್ನು ಕಣಕ್ಕೆ ಸಾಗಿಸಿದ ಮೇಲೆ, ಕೂಲಿಗೆ ಬಂದಿದ್ದ ಹೆಣ್ಣುಮಕ್ಕಳೇ ಹಕ್ಕಲು ಆಯಲು ಬರುತ್ತಾರೆ. ಕುರ್ಚಿಗೆಯ ಮೊನೆಯಿಂದ ಹೆಂಟೆಗಳನ್ನು ಒಡೆದು, ಮಣ್ಣನ್ನು ಬೆರಳಿನಿಂದ ಕೆದರಿ, ಒಂದು ಕಾಯಿಯೂ ಕಣ್ಣು ತಪ್ಪದಂತೆ ಆಯ್ದುಕೊಳ್ಳುತ್ತಾರೆ. ಕೈ ಅದೇ, ನೆಲ ಅದೇ, ಬಿಸಿಲೂ ಅದೇ. ಕೂಲಿಕಾರರೆಲ್ಲ ಮೈಗಳ್ಳರೆಂಬ ಮಾತು ಈ ಹಕ್ಕಲಿನ ಹೊಲದಲ್ಲಿ ನಿಲ್ಲಲಾರದು.

ದಿನಗೂಲಿಯನ್ನು ಬಿಟ್ಟು ಚೀಲಕ್ಕಿಷ್ಟು ಎಂದು ಗುತ್ತಿಗೆ ಕೊಟ್ಟರೆ ಎಲ್ಲವೂ ನೆಟ್ಟಗಾದೀತೆಂದು ಹಲವರು ನಂಬಿರುವರು. ಗುತ್ತಿಗೆಯಿಂದ ಕೈ ಚುರುಕಾಗುವದು ನಿಜ. ಆದರೆ ಯಾವದನ್ನು ಎಣಿಸಿ ಹಣ ಕೊಡಲಾಗುವದೋ ಅದೊಂದೇ ಬೆಳೆಯುತ್ತದೆ, ಎಣಿಕೆಗೆ ಸಿಕ್ಕದ್ದು ಕೆಡುತ್ತದೆ. ಇದಕ್ಕೆ ಹತ್ತಿಯ ಬೀಜೋತ್ಪಾದನೆಗಿಂತ ಉತ್ತಮ ನಿದರ್ಶನವಿಲ್ಲ. ಧಾರವಾಡದ ಕೃಷಿ ಸಂಶೋಧನ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ಲಕ್ಷ್ಮಿ ತಳಿಯನ್ನು ತಾಯಿಯಾಗಿಟ್ಟುಕೊಂಡು ಸಿದ್ಧಪಡಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿಯು 1972ರಲ್ಲಿ ಬಿಡುಗಡೆಯಾಯಿತು. ಇಂಥ ಬೀಜವನ್ನು ಬೆಳೆಯಬೇಕಾದರೆ, ಮರುದಿನ ಅರಳಲಿರುವ ಮೊಗ್ಗನ್ನು ಸಾಯಂಕಾಲ ಗುರುತಿಸಿ, ಅದರ ಎಸಳನ್ನೂ ಗಂಡು ಕೇಸರಗಳನ್ನೂ ಉಗುರಿನಿಂದ ನಾಜೂಕಾಗಿ ತೆಗೆದು, ಮರುದಿನ ಮುಂಜಾನೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದು ಮೊಗ್ಗಿನಲ್ಲಿ ನಾಲ್ಕು ಕೇಸರಗಳು ಉಳಿದರೆ ಆ ಕಾಯಿಯ ಬೀಜವು ಕಲಬೆರಕೆಯಾಗುವದು. ಆ ತಪ್ಪು ಬದುವಿನ ಮೇಲೆ ಕೊಡೆ ಹಿಡಿದು ನಿಂತ ಮೇಲ್ವಿಚಾರಕನಿಗೆ ಕಾಣುವದಿಲ್ಲ. ಮುಂದಿನ ವರ್ಷ ಯಾವನೋ ಬಡ ಒಕ್ಕಲಿಗನ ಹೊಲದಲ್ಲಿ ಕಾಣುತ್ತದೆ. ಮೊಗ್ಗಿಗಿಷ್ಟು ಎಂದು ಕೊಟ್ಟರೆ ಮೊಗ್ಗುಗಳ ಲೆಕ್ಕ ಹೆಚ್ಚುವದು, ಬೀಜದ ಶುದ್ಧಿ ಕಡಿಮೆಯಾಗುವದು. ಕೇಸರವನ್ನು ಏಕೆ ತೆಗೆಯಬೇಕೆಂಬುದನ್ನು ಬಲ್ಲವಳೂ, ಒಳ್ಳೆಯ ಬೀಜ ಬಂದರೆ ತನ್ನ ಹೆಸರು ನಿಲ್ಲುವದೆಂದು ತಿಳಿದವಳೂ ಆದ ಕೆಲಸಗಾರ್ತಿಯು ಮಾತ್ರ ಯಾರೂ ನೋಡದಾಗಲೂ ಆ ನಾಲ್ಕು ಕೇಸರಗಳಿಗಾಗಿ ಮರಳಿ ಬಗ್ಗುತ್ತಾಳೆ. ಕೂಲಿಯು ಹೊತ್ತನ್ನು ಕೊಳ್ಳಬಲ್ಲದು. ಲಕ್ಷ್ಯವನ್ನು ಕೊಳ್ಳುವದು ಅದಕ್ಕೆ ಅಷ್ಟು ಸುಲಭವಲ್ಲ.

ಹಾಗೆಂದು ಕೂಲಿಯು ಗೌಣವೆಂದು ಯಾರೂ ಭಾವಿಸಬಾರದು. ಸಂತೆಯ ದಿನ ಕೈಗೆ ಬರಬೇಕಾದ ಹಣವನ್ನು ಮುಂದಿನ ಸಂತೆಗೆ ದೂಡುವವನು ಹುರುಪಿನ ಮಾತೆತ್ತುವದು ಹಾಸ್ಯಾಸ್ಪದವೇ ಸರಿ. ಹೊಟ್ಟೆಗೆ ಸಾಲದ ಕೂಲಿಯ ಮೇಲೆ ಯಾವ ಉಮೇದೂ ನಿಲ್ಲಲಾರದು, ಮತ್ತು ಗೋವೆಗೋ ಬೆಂಗಳೂರಿಗೋ ಹೊರಟವರನ್ನು ಒಳ್ಳೆಯ ಮಾತೊಂದೇ ಹಿಂದಕ್ಕೆ ತರಲಾರದು.

ಇನ್ನು ಮುಯ್ಯಾಳಿನ ಪದ್ಧತಿಯನ್ನು ನೋಡಬೇಕು. ಒಬ್ಬರ ಹೊಲಕ್ಕೆ ಹತ್ತು ಮನೆಯವರು ಕೂಡಿ ಬಂದು ದುಡಿಯುವ ಆ ದಿನ ಯಾರೂ ರೊಕ್ಕವನ್ನು ಮುಟ್ಟುವದಿಲ್ಲ, ಬೆಳೆಯೂ ಪರರದೇ. ಆದರೂ ಸಾಲು ಹಿಡಿದು ಹೊರಟವರಲ್ಲಿ ಹಿಂದೆ ಬೀಳಲು ಒಬ್ಬರೂ ಒಪ್ಪುವದಿಲ್ಲ. ತನಗೆ ಬರತಕ್ಕ ಲಾಭವೊಂದೇ ಮನುಷ್ಯನನ್ನು ದುಡಿಸುವದೆಂಬ ಸಿದ್ಧಾಂತವು ಇಲ್ಲಿ ಕುಂಟುತ್ತದೆ. ಸರೀಕರ ಎದುರಿನ ಮಾನ, ನಾಳೆ ತನ್ನ ಹೊಲಕ್ಕೂ ಇವರೇ ಬರುವರೆಂಬ ಭರವಸೆ, ಹಾಡು, ಒಟ್ಟಿಗೆ ಬಿಚ್ಚಿದ ಬುತ್ತಿ, ಇವೆಲ್ಲ ಸೇರಿ ಹಣವು ಮಾಡದ ಕೆಲಸವನ್ನು ಮಾಡುತ್ತವೆ. ಅದೇ ಜನರನ್ನು ಮರುದಿನ ಒಬ್ಬ ಗದರಿಸುವ ಮೇಸ್ತ್ರಿಯ ಕೈಕೆಳಗೆ ನಿಲ್ಲಿಸಿದರೆ ಸಾಲು ಅರ್ಧಕ್ಕೇ ನಿಲ್ಲುವದು.

ಜಮೀನುದಾರರು ತಮ್ಮ ಹಿರಿಯರ ಅನುಭವವನ್ನೇ ನೆನೆದರೂ ಈ ಮಾತು ತಿಳಿದೀತು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿದ್ದ ಕಾಲಕ್ಕೆ, ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಅದು ಈ ದೇಶದ ಮೊದಲನೆಯ ಅಂಥ ಸಂಘವೆಂದು ಪ್ರಸಿದ್ಧವಾಗಿದೆ. ರಾಶಿಯಾದ ಕೂಡಲೇ ಸಾವುಕಾರನ ಅಂಗಡಿಯನ್ನು ಸೇರುವ ಬೆಳೆಗೆ ತಿಪ್ಪೆಯ ಗೊಬ್ಬರವನ್ನು ಹೊತ್ತು ಹಾಕುವ ಉಮೇದು ಯಾವ ಒಕ್ಕಲಿಗನಿಗೂ ಇರಲಾರದು. ಅಂದು ಸಾಲಗಾರನಾದ ಒಕ್ಕಲಿಗನನ್ನು ಸೋಮಾರಿಯೆಂದು ಕರೆದವರು ಎಷ್ಟೋ ಮಂದಿ. ಇಂದು ಅದೇ ಮಾತನ್ನು ಆ ಒಕ್ಕಲಿಗನ ಮೊಮ್ಮಕ್ಕಳು ತಮ್ಮ ಕೂಲಿಕಾರರಿಗೆ ಅನ್ನುತ್ತಿದ್ದಾರೆ.

ಕಲಿಯುವ ವಿಷಯದಲ್ಲಿಯೂ ಸಂಗತಿಯು ಬೇರೆಯಲ್ಲ. ಸಾಲೆಯಲ್ಲಿ ಭಾಗಾಕಾರಕ್ಕೆ ಕಣ್ಣೀರಿಡುವ ಹುಡುಗನು ಗದಗಿನ ಪೇಟೆಯಲ್ಲಿ ತಂದೆಯ ಮೆಣಸಿನಕಾಯಿಯ ತೂಕ ಮತ್ತು ದರವನ್ನು ಬೆರಳಿನ ಮೇಲೆ ಲೆಕ್ಕ ಹಾಕುವದುಂಟು. 1973ರಲ್ಲಿ ಅಮೇರಿಕದ ಲೆಪ್ಪರ್ ಮೊದಲಾದ ಪಂಡಿತರು ಒಂದು ಶಿಶುವಿಹಾರದಲ್ಲಿ ನಡೆಸಿದ ಪರೀಕ್ಷೆಯು ವಿಚಾರಾರ್ಹವಾದದ್ದು. ಚಿತ್ರ ಬರೆಯುವದರಲ್ಲಿ ತಾವಾಗಿಯೇ ಆಸಕ್ತಿಯುಳ್ಳ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನದ ಪತ್ರ ಕೊಡುವೆವೆಂದು ಮುಂಚಿತವಾಗಿ ಹೇಳಲಾಯಿತು. ಕೆಲವು ದಿನಗಳ ಮೇಲೆ ನೋಡಲಾಗಿ, ಆ ಮಕ್ಕಳೇ ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ಸಹಾಯಧನದ ಆಸೆಗೆ ತಂದ ಹನಿ ನೀರಾವರಿಯ ಕೊಳವೆಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಧೂಳು ತಿನ್ನುತ್ತಿರುವದಕ್ಕೂ ಇದಕ್ಕೂ ಸಂಬಂಧವಿಲ್ಲದಿಲ್ಲ. ಇಲಾಖೆಯವರು ಕೂಡ ಇದನ್ನು ಯೋಚಿಸತಕ್ಕದ್ದು. ಬದುವಿನಾಚೆಯ ನೆರೆಯವನ ಹೊಲವನ್ನು ಕಂಡು ತಾನಾಗಿ ಬಂದು ಪ್ರಶ್ನೆ ಕೇಳಿದವನು, ಹತ್ತು ವ್ಯಾಖ್ಯಾನಗಳನ್ನು ಕೇಳಿದವನಿಗಿಂತ ಬೇಗ ಕಲಿಯುತ್ತಾನೆ.

ಹಾಗಾದರೆ ಬೆಳೆಯನ್ನೆಲ್ಲ ಹಕ್ಕಲಿಗೆ ಬಿಡಬೇಕೇ ಎಂದು ಯಾರಾದರೂ ಕೇಳಬಹುದು. ಬೆಳೆಯಲ್ಲಿ ಪಾಲು ಕೊಡುವ ಕೋರಿನ ದಾರಿಯು ಇಂದು ತೆರೆದಿಲ್ಲ. 1974ರಲ್ಲಿ ತಿದ್ದುಪಡಿಯಾಗಿ ಜಾರಿಗೆ ಬಂದ ಭೂಸುಧಾರಣೆಯ ಕಾನೂನಿನ ಪ್ರಕಾರ, ಸ್ವಂತ ಸಾಗುವಳಿಯೆನಿಸಬೇಕಾದರೆ ಆಳುಗಳ ಕೂಲಿಯನ್ನು ನಗದಾಗಿ ಇಲ್ಲವೆ ಕಾಳಿನಲ್ಲಿ ಕೊಡಬಹುದೇ ಹೊರತು ಬೆಳೆಯ ಪಾಲಾಗಿ ಕೊಡುವಂತಿಲ್ಲ. ಆದರೆ ಕೆಲಸದ ಅಚ್ಚುಕಟ್ಟಿಗೆಂದು ಮೊದಲೇ ಗೊತ್ತುಪಡಿಸಿದ ಹೆಚ್ಚಿನ ನಗದು ಕೂಲಿಗೆ ಯಾವ ಅಡ್ಡಿಯೂ ಇಲ್ಲ. ಬಳ್ಳಿ ಕಿತ್ತ ಹೊಲದಲ್ಲಿ ಹತ್ತು ಹೆಜ್ಜೆ ಚೌಕದ ಒಂದು ತುಂಡನ್ನು ಗುಂಪಿನವರ ಎದುರಿನಲ್ಲಿಯೇ ಕೆದರಿ, ಉಳಿದ ಕಾಯಿಯನ್ನು ಅಳೆದು ನೋಡಿ, ಅದು ಮೊದಲು ಒಪ್ಪಿದ ಅಳತೆಯೊಳಗಿದ್ದರೆ ಆ ಹೆಚ್ಚಿನ ಕೂಲಿಯನ್ನು ಅದೇ ಸಾಯಂಕಾಲ ಹೊಲದಲ್ಲಿಯೇ ಕೊಡುವದು ಕಠಿಣವೇನಲ್ಲ. ತುಂಡನ್ನು ಆರಿಸುವವರು ಒಡೆಯರಲ್ಲ, ಊರಿನ ಹಿರಿಯರೊಬ್ಬರಾದರೆ ಲೇಸು.

ಇನ್ನೊಂದು ಮಾತುಂಟು. ಕಾಯಿಯು ನೆಲದಲ್ಲಿ ಉಳಿಯುವದಕ್ಕೆ ಕೂಲಿಯವರ ಕೈಯೊಂದೇ ಕಾರಣವಲ್ಲ. ಬಲಿತು ಮೀರಿದ ಬಳ್ಳಿಯ ತೊಟ್ಟು ಸಡಿಲಾಗುತ್ತದೆ, ಹಸಿ ಆರಿ ಬಿಗಿದ ನೆಲವು ಕಾಯಿಯನ್ನು ಹಿಡಿದುಕೊಳ್ಳುತ್ತದೆ. ಪೇಟೆಯ ದರವನ್ನು ನೋಡುತ್ತ ಕೀಳುವ ದಿನವನ್ನು ಮುಂದೂಡುವವರು ಒಡೆಯರೇ ಆಗಿರುತ್ತಾರೆ. ಬಳ್ಳಿಯನ್ನು ಕೈಯಲ್ಲಿ ಹಿಡಿದ ಕೂಡಲೇ ನೆಲದ ಹದವನ್ನು ಹೇಳಬಲ್ಲ ಹಿರಿಯಳೊಬ್ಬಳು ಪ್ರತಿ ಗುಂಪಿನಲ್ಲಿಯೂ ಇರುತ್ತಾಳೆ. ಕೀಳುವ ದಿನವನ್ನು ಗೊತ್ತುಮಾಡುವ ಮುಂಚೆ ಅವಳನ್ನು ಒಂದು ಮಾತು ಕೇಳುವ ರೂಢಿಯನ್ನು ಈ ಹಂಗಾಮಿನಿಂದಲೇ ಹಾಕಬಹುದು.