ಹೆಸರು ಹೇಳಲೊಲ್ಲದವರು



ಮಾಟಗಾತಿ ಎಂದರೆ ನಮಗೆ ನೆನಪಾಗುವುದು ಅಜ್ಜಿಕಥೆ. ಆದರೆ 1692ರಲ್ಲಿ ಅಮೆರಿಕದ ಸೇಲಂನಲ್ಲಿ ಈ ಒಂದು ಮಾತಿಗೆ 19 ಜನ ನೇಣಿಗೇರಿದರು. ಅವರಲ್ಲಿ 14 ಮಂದಿ ಹೆಂಗಸರು! ಈ ಪ್ರಕರಣವನ್ನಿಟ್ಟುಕೊಂಡು ಆರ್ಥರ್ ಮಿಲ್ಲರ್ ಬರೆದ ನಾಟಕ ‘ದಿ ಕ್ರೂಸಿಬಲ್’. ಮೊದಲು ರಂಗಕ್ಕೆ ಬಂದದ್ದು 1953ರಲ್ಲಿ. ಹೆಸರಿನ ಅರ್ಥ ಮೂಸೆ. ಅಕ್ಕಸಾಲಿ ಚಿನ್ನ ಕರಗಿಸುತ್ತಾನಲ್ಲ, ಅದೇ.

ರಾತ್ರಿ ಕಾಡಿನಲ್ಲಿ ಕುಣಿದ ಕೆಲವು ಹುಡುಗಿಯರು ಸಿಕ್ಕಿಬೀಳುತ್ತಾರೆ. ಶಿಕ್ಷೆಯ ಭಯಕ್ಕೆ ‘ನಮಗೆ ಮಾಟ ಮಾಡಿದ್ದಾರೆ’ ಎಂದು ಊರಿನವರ ಹೆಸರು ಹೇಳತೊಡಗುತ್ತಾರೆ. ನ್ಯಾಯಾಲಯದ ರೀತಿಯೋ ವಿಚಿತ್ರ. ಒಪ್ಪಿಕೊಂಡವರಿಗೆ ಜೀವದಾನ, ‘ನಾನು ಮಾಡಿಲ್ಲ’ ಎಂದವರಿಗೆ ನೇಣು!

ಇದನ್ನೆಲ್ಲ ಮಾಡಿದವರು ರಾಕ್ಷಸರೇ? ಅಲ್ಲ ನೋಡಿ. ಮುಂದಾಳು ಅಬಿಗೈಲ್‌ಗೆ ತಾನು ಕೆಲಸಕ್ಕಿದ್ದ ಮನೆಯ ಯಜಮಾನ ಜಾನ್ ಪ್ರಾಕ್ಟರ್ ಬೇಕು, ಅವನ ಹೆಂಡತಿ ಎಲಿಜಬೆತ್ ತೊಲಗಬೇಕು. ಥಾಮಸ್ ಪಟ್ನಂಗೆ ಅಕ್ಕಪಕ್ಕದವರ ಜಮೀನಿನ ಮೇಲೆ ಕಣ್ಣು. ಅವನ ಹೆಂಡತಿಯದು ಬೇರೆಯೇ ಸಂಕಟ. ಹೆತ್ತ ಎಂಟರಲ್ಲಿ ಏಳು ಕೂಸುಗಳನ್ನು ಮಣ್ಣಿಗಿಟ್ಟವಳು. 11 ಮಕ್ಕಳ ತಾಯಿ ರೆಬೆಕ್ಕಾಳ ತುಂಬಿದ ಮನೆ ಕಂಡರೆ ಅವಳ ಹೊಟ್ಟೆ ಉರಿಯುತ್ತದೆ. ಆ ದುಃಖ ಸುಳ್ಳಲ್ಲ. ಆದರೆ ಅದಕ್ಕೆ ಕಾರಣವೆಂದು ಒಬ್ಬ ನಿರಪರಾಧಿ ಮುದುಕಿಯನ್ನು ತೋರಿಸಿದ್ದು ಮಹಾಪಾಪ.

ಪ್ರಾಕ್ಟರ್ ಮನೆಯ ಕೆಲಸದ ಹುಡುಗಿ ಮೇರಿ ನಿಜ ಹೇಳಲೆಂದೇ ನ್ಯಾಯಾಲಯಕ್ಕೆ ಬರುತ್ತಾಳೆ. ಗೆಳತಿಯರೆಲ್ಲ ಅವಳ ಮೇಲೇ ತಿರುಗಿಬಿದ್ದಾಗ ಜೀವಭಯದಿಂದ ಯಜಮಾನನ ಹೆಸರನ್ನೇ ಹೇಳಿಬಿಡುತ್ತಾಳೆ. ಅವಳನ್ನು ಬಯ್ಯುವುದು ಸುಲಭ. ಒಬ್ಬಂಟಿಯಾಗಿ ನಿಂತು ನಿಜ ಹೇಳೋದು ಎಷ್ಟು ಕಷ್ಟ ಅನ್ನೋದು ನಮಗೂ ಗೊತ್ತಲ್ಲ!

ಪ್ರಾಕ್ಟರ್ ದೇವರಂಥ ಮನುಷ್ಯನೇನಲ್ಲ. ಅಬಿಗೈಲ್ ವಿಷಯದಲ್ಲಿ ತಪ್ಪಿದವನು. ಜೀವದಾಸೆಗೆ ಸುಳ್ಳು ಒಪ್ಪಿಗೆಗೆ ರುಜುವನ್ನೂ ಹಾಕುತ್ತಾನೆ. ಆದರೆ ಬೇರೆಯವರ ಹೆಸರು ಹೇಳು ಎಂದರೆ ಬಾಯಿ ಬಿಡುವುದಿಲ್ಲ. ಆ ಕಾಗದವನ್ನು ಚರ್ಚಿನ ಬಾಗಿಲಿಗೆ ಹಚ್ಚುತ್ತಾರೆಂದಾಗ ಅದನ್ನೂ ಹರಿದು ಗಲ್ಲಿಗೆ ನಡೆಯುತ್ತಾನೆ. ಬಸುರಿ ಎಲಿಜಬೆತ್ ‘ನನಗಾಗಿ ಸುಳ್ಳು ಹೇಳಿ’ ಎಂದು ಗಂಡನ ಕಾಲು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ತೀರ್ಮಾನ ಅವನಿಗೇ ಬಿಟ್ಟಳು. ಆ ಹೆಣ್ಣಿನ ಎದೆಗಾರಿಕೆ ಗಂಡನದಕ್ಕಿಂತ ಒಂದು ತೂಕ ಹೆಚ್ಚೇ ಎಂದು ನನಗನ್ನಿಸುತ್ತದೆ.

ಮಿಲ್ಲರ್ ಬರೆದದ್ದನ್ನು ಬಾಳಿಯೂ ತೋರಿಸಿದರು. ಕಮ್ಯುನಿಸ್ಟರೆಂಬ ಶಂಕೆಯಲ್ಲಿ ಜನರನ್ನು ಹುಡುಕಿ ಹುಡುಕಿ ವಿಚಾರಿಸುತ್ತಿದ್ದ ಕಾಲವದು. 1956ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಅವರನ್ನು ಕರೆಸಿ, ಸಭೆಗಳಿಗೆ ಬಂದಿದ್ದ ಇತರರ ಹೆಸರು ಕೇಳಿತು. ಅವರು ಹೇಳಲಿಲ್ಲ. 1957ರಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. 1958ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು.

ನಮ್ಮಲ್ಲೂ ಮನೆಗೆ ಬಂದ ಸೊಸೆಯ ‘ಕಾಲ್ಗುಣ’ದ ಮಾತು, ಮಕ್ಕಳಿಲ್ಲದವಳ ‘ಕಣ್ಣು ತಾಗಿತು’ ಎಂಬ ಮಾತು ಹುಟ್ಟುವುದು ಹೀಗೆಯೇ, ಯಾರದೋ ದುಃಖದಿಂದ ಇಲ್ಲವೇ ಹೊಟ್ಟೆಕಿಚ್ಚಿನಿಂದ. ಅಂಥ ಮಾತು ನಿಮ್ಮ ಜಗಲಿಗೆ ಬಂದಾಗ ಹೂಂಗುಟ್ಟಬೇಡಿ. ‘ನೀವು ಕಣ್ಣಾರೆ ಕಂಡಿರಾ?’ ಎಂದು ಮೆಲ್ಲಗೆ ಕೇಳಿ. ಬಂದವರಿಗೆ ಬೇಸರವಾದರೆ ಆಗಲಿ, ಒಂದು ಲೋಟ ಕಾಫಿ ಕೊಟ್ಟು ಸಮಾಧಾನ ಮಾಡಿದರಾಯಿತು. ಏನಂತೀರಿ?