ಪಾಸ್‌ಪುಸ್ತಕದಲ್ಲಿ ಹೆಸರಿಲ್ಲದ ಕೈಗಳು

ಜೂನ್ ತಿಂಗಳ ಮೊದಲ ಮಳೆಯೊಡನೆ ನಮ್ಮ ಶಾಲೆಗಳು ಮತ್ತೆ ತುಂಬಿಕೊಳ್ಳುತ್ತವೆ. ಅದೇ ತಿಂಗಳ 12ನೆಯ ದಿನವನ್ನು 2002ರಿಂದ ಬಾಲಕಾರ್ಮಿಕ ಪದ್ಧತಿ ವಿರೋಧಿ ದಿನವೆಂದು ಜಗತ್ತೆಲ್ಲ ಆಚರಿಸಿಕೊಂಡು ಬಂದಿದೆ. ಅಂದಿನ ಭಾಷಣಗಳಲ್ಲಿ ಕೇಳಿಬರುವುದು ಹೆಚ್ಚಾಗಿ ದೂರದ ಊರುಗಳ ಮಾತು: ಶಿವಕಾಶಿಯ ಬೆಂಕಿಪೊಟ್ಟಣ, ಫಿರೋಜಾಬಾದಿನ ಬಳೆ, ಮಿರ್ಜಾಪುರದ ರತ್ನಗಂಬಳಿ. ನಮ್ಮ ಕರಾವಳಿಯ ಮನೆಗಳ ಜಗಲಿಯ ಮೇಲೆ ತಲೆಮಾರುಗಳ ಕಾಲ ನಡೆದುಬಂದ ಕೆಲಸದ ವಿಚಾರ ಅಲ್ಲಿ ಅಪರೂಪ.

ಬೀಡಿಯ ಕೆಲಸವನ್ನೇ ನೋಡೋಣ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ಮನೆಗೆ ಬರುತ್ತವೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಸೊಪ್ಪು ತುಂಬಿ ಸುರುಟಿ, ತುದಿ ಮಡಚಿ, ನೂಲು ಸುತ್ತಿ ಬ್ರಾಂಚಿಗೆ ಮರಳಿ ಒಪ್ಪಿಸಬೇಕು. ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಪಾಸ್‌ಪುಸ್ತಕದಲ್ಲಿರುವುದು ತಾಯಿಯೊಬ್ಬಳ ಹೆಸರು. ಆದರೆ ಎಲೆ ಕತ್ತರಿಸುವವಳು ಮಗಳು, ತುದಿ ಮಡಚುವವನು ಅವಳ ತಮ್ಮ. ಈ ಪುಟ್ಟ ಕೈಗಳು ಯಾವ ದಾಖಲೆಯಲ್ಲಿಯೂ ಇಲ್ಲ.

ಕಾನೂನು ಕಣ್ಣು ಮುಚ್ಚಿ ಕುಳಿತಿರಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷೇಧಿಸಿದ ಉದ್ಯೋಗಗಳ ಪಟ್ಟಿಯಲ್ಲಿ ಬೀಡಿ ತಯಾರಿಕೆಯೂ ಇತ್ತು. ಆದರೆ ಕುಟುಂಬದವರೇ ಸೇರಿ ನಡೆಸುವ ಕೆಲಸಕ್ಕೆ ಅದೇ ಕಾಯ್ದೆ ವಿನಾಯಿತಿ ನೀಡಿತು. 2016ರ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದರೂ, ಅಪಾಯಕಾರಿಯಲ್ಲದ ಮನೆಗೆಲಸ-ಕಸುಬುಗಳಲ್ಲಿ ಶಾಲೆಯ ವೇಳೆಯ ನಂತರ ಹೆತ್ತವರಿಗೆ ನೆರವಾಗಬಹುದೆಂಬ ಬಾಗಿಲನ್ನು ತೆರೆದೇ ಇಟ್ಟಿತು. ಆ ಬಾಗಿಲ ಹಿಂದೆ ನೆರವು ಎಲ್ಲಿ ಮುಗಿಯಿತು, ದುಡಿಮೆ ಎಲ್ಲಿ ಆರಂಭವಾಯಿತು ಎಂದು ನೋಡುವವರಾರು? ಜಗದ್ಗುರು ಹದಿಮೂರನೆಯ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲಿ, ಮಕ್ಕಳ ದೇಹ-ಮನಸ್ಸುಗಳು ಬಲಿಯುವ ಮುನ್ನ ಅವರನ್ನು ಕಾರ್ಖಾನೆಗೆ ದೂಡಬಾರದೆಂದು ಎಚ್ಚರಿಸಿದ್ದರು. ಕಾರ್ಖಾನೆಯೇ ಜಗಲಿಗೆ ಬಂದಾಗ ಆ ಎಚ್ಚರಿಕೆ ಸಡಿಲವಾಗಬೇಕೇ?

'ಬಡವರ ಮನೆಯ ಒಲೆ ಉರಿಯುವುದೇ ಇದರಿಂದ, ನೀವು ಉಪದೇಶ ಮಾಡುತ್ತೀರಿ' ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಋಣ ಈ ಜಿಲ್ಲೆಯ ಎಷ್ಟೋ ಸುಶಿಕ್ಷಿತರ ಮೇಲಿದೆ. ಆದರೆ ತಮ್ಮನ ಶುಲ್ಕಕ್ಕಾಗಿ ಶಾಲೆ ಬಿಟ್ಟ ಅಕ್ಕನ ಋಣ? ಅದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾದೆವು. ಮೇಲಾಗಿ, ಮೂವರ ಕೈ ಸೇರಿ ಮುಗಿಸಿದ ಕೆಲಸಕ್ಕೆ ಒಬ್ಬಳ ಮಜೂರಿ ಸಾಕೆನಿಸುವವರೆಗೆ ಆ ಮಜೂರಿ ಏರುವುದೆಂತು? ಬಡತನದಿಂದ ಬಾಲದುಡಿಮೆ ಹುಟ್ಟುತ್ತದೆ ಎಂಬುದು ಅರ್ಧ ಸತ್ಯ. ಬಾಲದುಡಿಮೆಯಿಂದ ಬಡತನ ಮುಂದುವರಿಯುತ್ತದೆ ಎಂಬುದು ಉಳಿದರ್ಧ.

ಹಾಗಾದರೆ ಕಾಣದ ಈ ಕೈಗಳನ್ನು ಎಣಿಸುವುದು ಹೇಗೆ? ದೇಶದಲ್ಲಿ ದುಡಿಯುವ 5ರಿಂದ 14 ವರ್ಷದ ಮಕ್ಕಳು 2001ರ ಜನಗಣತಿಯಂತೆ ಸುಮಾರು 1.26 ಕೋಟಿ, 2011ರಲ್ಲಿ ಸುಮಾರು 1.01 ಕೋಟಿ. ಇದು ಮನೆಯವರು ಹೇಳಿದ ಲೆಕ್ಕ. ಅಂದಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆಯಲ್ಲಿ ಕೆಲಸ ಮಾಡಿದ ಎಂ.ವಿ. ಫೌಂಡೇಶನ್ ಬೇರೊಂದು ಅಳತೆಗೋಲನ್ನು ಹಿಡಿಯಿತು: ಶಾಲೆಯಲ್ಲಿ ಇಲ್ಲದ ಪ್ರತಿಯೊಂದು ಮಗುವೂ ಬಾಲಕಾರ್ಮಿಕನೇ. ಶಾಲೆ ಬಿಟ್ಟವರನ್ನು ಶಿಬಿರಗಳಲ್ಲಿ ಸಿದ್ಧಗೊಳಿಸಿ ಮರಳಿ ತರಗತಿಗೆ ಸೇರಿಸಿತು. ಅದರ ಮುಂದಾಳು ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಈ ಅಳತೆಗೋಲು ನಮಗೂ ಸಲ್ಲುತ್ತದೆ. ಜಗಲಿಯಲ್ಲಿ ಏನು ನಡೆಯುತ್ತಿದೆಯೆಂದು ಇಣುಕುವ ಅಗತ್ಯವಿಲ್ಲ. ಹಾಜರಿ ಪುಸ್ತಕವೇ ಹೇಳುತ್ತದೆ.

ಇಂದು ಬೀಡಿಯ ಕೆಲಸ ಹಿಂದಿನಷ್ಟಿಲ್ಲ. ಆದರೆ ಕಟ್ಟಡಗಳ ಬುಡದ ತಗಡಿನ ಗುಡಿಸಲುಗಳಲ್ಲಿ, ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದವರ ಮಕ್ಕಳು ಕೂಸುಗಳನ್ನು ನೋಡಿಕೊಂಡು ಹಗಲು ಕಳೆಯುತ್ತಾರೆ. ಅವರ ಹೆಸರೂ ಯಾವ ಪುಸ್ತಕದಲ್ಲಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ಆ ಹೆತ್ತವರಿಗೆ ತಿಳಿಸುವವರು ಬೇಕು, ಶಾಲೆಯ ಬಾಗಿಲವರೆಗೆ ಜೊತೆಗೆ ಹೋಗುವವರು ಬೇಕು.

ನಮ್ಮ ವಾಳೆಯ ಗುರ್ಕಾರರಿಗೆ ಪ್ರತಿ ಮನೆಯ ಪರಿಚಯವಿದೆ. ಆ ಪರಿಚಯ ಈ ಜೂನಿನಲ್ಲಿ ವಾಳೆಯೊಳಗಿನ ಗುಡಿಸಲುಗಳಿಗೂ ಚಾಚಲಿ. ನಮ್ಮ ಸ್ವಂತ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿಯ ವಯಸ್ಸೆಷ್ಟು ಎಂಬ ಪ್ರಶ್ನೆಯನ್ನೂ ನಾವೇ ಕೇಳಿಕೊಳ್ಳೋಣ. ಒಂದು ವಾಳೆಯಿಂದ ಒಂದೇ ಒಂದು ಹೆಸರು ಹಾಜರಿ ಪುಸ್ತಕಕ್ಕೆ ಸೇರಿದರೂ 12ನೆಯ ತಾರೀಕಿನ ಭಾಷಣಗಳಿಗಿಂತ ಅದು ಮಿಗಿಲು.