ಊರಿನ ಕೆರೆಕಟ್ಟೆಗಳೂ ಅಮೀಬಗಳೂ

ಕಣ್ಣಿಗೆ ಕಾಣದ ಜೀವಿಗಳ ವಿಚಾರದಿಂದ ರೈತನಿಗೆ ಆಗಬೇಕಾದುದೇನೆಂದು ಕೆಲವರು ಕೇಳುವುದುಂಟು. ನಾವು ಉಳುವ ಮಣ್ಣಿನ ಫಲವತ್ತೂ ನಮ್ಮ ಮಕ್ಕಳು ಈಜುವ ನೀರಿನ ಕ್ಷೇಮವೂ ಬಹುಮಟ್ಟಿಗೆ ಇಂಥ ಜೀವಿಗಳನ್ನು ಅವಲಂಬಿಸಿರುವುದರಿಂದ, ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ಅವಶ್ಯವಾಗಿ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ಅಮೀಬವೆಂಬುದು ಒಂದೇ ಕಣದ, ನಿಶ್ಚಿತವಾದ ಆಕಾರವಿಲ್ಲದ ಜೀವಿ. ಆಮಶಂಕೆಯನ್ನುಂಟುಮಾಡುವ ಅಮೀಬವು ಮನುಷ್ಯನ ಕರುಳನ್ನು ಆಶ್ರಯಿಸಿ ಬಾಳುವುದು. ಇಲ್ಲಿ ಹೇಳಹೊರಟಿರುವುದು ಅದರ ವಿಚಾರವಲ್ಲ. ಯಾರ ಆಶ್ರಯವೂ ಇಲ್ಲದೆ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬಾಳುವ ಸ್ವತಂತ್ರಜೀವಿ ಅಮೀಬಗಳ ವಿಚಾರ.

ಮೊದಲು ಇವುಗಳ ಉಪಕಾರವನ್ನು ಹೇಳುವುದು ನ್ಯಾಯ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರದಲ್ಲಿ ರಸೆಲ್ ಮತ್ತು ಹಚಿನ್‌ಸನ್ ಎಂಬ ವಿದ್ವಾಂಸರು ೧೯೦೯ರಲ್ಲಿ, ಅಮೀಬ ಮೊದಲಾದ ಜೀವಿಗಳು ಮಣ್ಣಿನ ಬ್ಯಾಕ್ಟೀರಿಯಗಳನ್ನು ತಿಂದು ಫಲವತ್ತನ್ನು ಕುಗ್ಗಿಸುವುವೆಂದು ಊಹಿಸಿದ್ದರು. ಅಲ್ಲಿಯೇ ಕಟ್ಲರ್ ಮೊದಲಾದವರು ೩೬೫ ದಿನಗಳ ಕಾಲ ದಿನದಿನವೂ ಎಣಿಕೆಮಾಡಿ, ಅಮೀಬಗಳು ಹೆಚ್ಚಿದಾಗ ಬ್ಯಾಕ್ಟೀರಿಯಗಳು ತಗ್ಗುವುವೆಂದು ೧೯೨೨ರಲ್ಲಿ ಪ್ರಕಟಿಸಿದರು. ಆದರೆ ಹಾಗೆ ತಿಂದುದು ನಷ್ಟವಲ್ಲವೆಂದು ಮುಂದಿನ ಸಂಶೋಧನೆಗಳಿಂದ ಗೊತ್ತಾಯಿತು. ಬ್ಯಾಕ್ಟೀರಿಯದಲ್ಲಿದ್ದ ಸಾರಜನಕದಲ್ಲಿ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಅಮೀಬವು ಅಮೋನಿಯದ ರೂಪದಲ್ಲಿ ಹೊರಬಿಡುವುದು; ಅದನ್ನು ಪೈರಿನ ಬೇರು ಹೀರುವುದು. ಇಂಥ ಜೀವಿಗಳಿರುವ ಮಣ್ಣಿನಲ್ಲಿ ಗೋಧಿಯ ಗಿಡವು ಹೆಚ್ಚು ಸಾರಜನಕವನ್ನು ಪಡೆಯುವುದೆಂದು ಸ್ವೀಡನ್ ದೇಶದ ಕ್ಲಾರ್‌ಹೋಮ್ ಎಂಬ ವಿದುಷಿಯು ೧೯೮೫ರಲ್ಲಿ ತೋರಿಸಿದರು. ಹುಲ್ಲು ಮೇಯ್ದ ದನವು ಹೊಲಕ್ಕೆ ಗೊಬ್ಬರ ಕೊಡುವಂತೆಯೇ ಇದೂ ಒಂದು ವ್ಯವಸ್ಥೆ.

ಇನ್ನು ಅಪಾಯದ ಮಾತು. ಇದೇ ಗುಂಪಿನ ಜೀವಿಗಳಲ್ಲಿ ನೇಗ್ಲೇರಿಯ ಫೌಲೆರಿ ಎಂಬುದೊಂದುಂಟು. ಅದು ಬೆಚ್ಚನೆಯ ಸಿಹಿನೀರಿನಲ್ಲಿ ಬೆಳೆಯುವುದು. ೪೬ ಡಿಗ್ರಿ ಸೆಂಟಿಗ್ರೇಡ್ ಶಾಖವನ್ನೂ ತಾಳಬಲ್ಲದು. ಆ ನೀರನ್ನು ಕುಡಿದರೆ ಈ ರೋಗ ಬಾರದು. ಮೂಗಿನೊಳಕ್ಕೆ ನುಗ್ಗಿದಲ್ಲಿ ಮಾತ್ರ ಅಮೀಬವು ವಾಸನೆಯ ನರವನ್ನನುಸರಿಸಿ ಮೆದುಳನ್ನು ಸೇರುವುದು. ಈ ರೋಗವನ್ನು ೧೯೬೫ರಲ್ಲಿ ಮೊದಲು ವರ್ಣಿಸಿದವರು ದಕ್ಷಿಣ ಆಸ್ಟ್ರೇಲಿಯದ ಫೌಲರ್ ಮತ್ತು ಕಾರ್ಟರ್ ಎಂಬ ವೈದ್ಯರು. ಅಲ್ಲಿನ ಪೋರ್ಟ್ ಆಗಸ್ಟ ಪಟ್ಟಣಕ್ಕೆ ನೆಲದ ಮೇಲೆ ಹಾಸಿದ ಕೊಳವೆಗಳಲ್ಲಿ ಬಹುದೂರದಿಂದ ನೀರು ಬರುತ್ತಿತ್ತು. ಅದು ಬಿಸಿಲಿಗೆ ಕಾಯುವುದರೊಳಗೆ ಕ್ಲೋರಿನ್ ನಾಶವಾಗಿ ಅಮೀಬಗಳು ಬೆಳೆದವು, ಮಕ್ಕಳು ಸತ್ತರು. ಅನಂತರ ಕೊಳವೆಯುದ್ದಕ್ಕೂ ಕ್ಲೋರಿನ್ ಉಳಿಯುವಂತೆ ಏರ್ಪಡಿಸಿ, ನೀರನ್ನು ತಪ್ಪದೆ ಪರೀಕ್ಷಿಸಿದುದರಿಂದ ರೋಗವು ಹತೋಟಿಗೆ ಬಂದಿತು.

ಪರದೇಶದ ಮಾತೆಂದು ಇದನ್ನು ಕಡೆಗಣಿಸುವಂತಿಲ್ಲ. ನಮ್ಮ ನೆರೆಯ ಕೇರಳದಲ್ಲಿ ೨೦೨೪ ಮತ್ತು ೨೦೨೫ರಲ್ಲಿ ಅಮೀಬಗಳಿಂದ ಮೆದುಳಿನ ರೋಗಕ್ಕೀಡಾಗಿ ಹಲವರು ಮೃತಪಟ್ಟರು. ರೋಗವನ್ನು ಬೇಗನೆ ಗುರುತಿಸಿ ಔಷಧವನ್ನು ಕೊಟ್ಟುದರಿಂದ ಕೆಲವರು ಅಲ್ಲಿ ಬದುಕಿಕೊಂಡುದೂ ಉಂಟು.

ಇಷ್ಟು ಅಪೂರ್ವವಾದ ರೋಗಕ್ಕಾಗಿ ಊರಿನ ಹಣವನ್ನು ಏಕೆ ವೆಚ್ಚಮಾಡಬೇಕೆಂದು ಕೆಲವರು ವಾದಿಸುವರು. ರೋಗವು ಅಪೂರ್ವವೆಂಬುದು ನಿಜ. ಆದರೆ ಬಂದವರಲ್ಲಿ ಬದುಕುವವರೂ ಅಪೂರ್ವವೇ. ಮತ್ತೆ ಕೆಲವರು ಕೆರೆಗೆ ಕೀಟನಾಶಕವನ್ನೋ ಮೈಲುತುತ್ತವನ್ನೋ ಸುರಿಯೋಣವೆನ್ನುವರು. ಇದು ಕೇವಲ ಅವಿವೇಕ. ಅದರಿಂದ ಮೀನೂ ಉಪಕಾರಿಗಳಾದ ಜೀವಿಗಳೂ ಸಾಯುವುವು, ದನಕರುಗಳಿಗೂ ಅಪಾಯ. ನಮ್ಮ ಶತ್ರು ಅಮೀಬವಲ್ಲ, ನಮ್ಮ ಅಲಕ್ಷ್ಯ. ಹೂಳು ತುಂಬಿ ಆಳ ತಗ್ಗಿದ ಕೆರೆಯ ನೀರು ಬೇಗನೆ ಕಾಯುವುದು. ಬಚ್ಚಲ ನೀರು ಸೇರಿದರೆ ಬ್ಯಾಕ್ಟೀರಿಯಗಳು ಹೆಚ್ಚಿ, ಅಮೀಬಕ್ಕೆ ಆಹಾರವು ಸಮೃದ್ಧಿಯಾಗುವುದು. ಕೆರೆ ಬತ್ತಿದಾಗ ಹೂಳೆತ್ತಿಸಿ ಆ ಗೋಡನ್ನು ಹೊಲಕ್ಕೆ ಹೊಡೆಸಿದರೆ ಕೆರೆಗೂ ಲಾಭ, ಹೊಲಕ್ಕೂ ಲಾಭ. ಇದು ನಮ್ಮ ಹಿರಿಯರು ಮಾಡುತ್ತಿದ್ದ ಕೆಲಸವೇ.

ಆದಕಾರಣ ಮುಖ್ಯಸ್ಥರು ಈ ಕೆಳಗಿನ ವಿಷಯಗಳಲ್ಲಿ ಆಸಕ್ತಿ ವಹಿಸತಕ್ಕದ್ದು. ಊರಿನ ಬಚ್ಚಲ ನೀರು ಕೆರೆಕಟ್ಟೆಗಳಿಗೆ ಹರಿಯದಂತೆ ತಡೆಯಬೇಕು. ಮಕ್ಕಳು ಈಜುವ ಬಾವಿ, ತೊಟ್ಟಿಗಳನ್ನು ಚೊಕ್ಕಟಮಾಡಿಸಿ, ಆರೋಗ್ಯಾಧಿಕಾರಿಗಳ ಸಲಹೆಯಂತೆ ಬ್ಲೀಚಿಂಗ್ ಪುಡಿ ಹಾಕಿಸಿ, ಲೀಟರಿಗೆ ಅರ್ಧ ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ ಕ್ಲೋರಿನ್ ನಿಂತಿರುವಂತೆ ನೋಡಿಕೊಳ್ಳಬೇಕು. ಕಡುಬೇಸಗೆಯಲ್ಲಿ ನಿಂತ ನೀರಿಗೆ ಧುಮುಕುವುದನ್ನೂ ತಳದ ಕೆಸರು ಕಲಕುವುದನ್ನೂ ಬಿಡಿಸಬೇಕು. ಜಲನೇತಿ ಮಾಡುವವರು ಕುದಿಸಿ ಆರಿಸಿದ ನೀರನ್ನೇ ಉಪಯೋಗಿಸಬೇಕು. ಒಕ್ಕಣೆಯಲ್ಲಿ ಕಣ್ಣಿಗೆ ಹೊಟ್ಟು ತಗುಲಿದರೆ ಕಟ್ಟೆಯ ನೀರಿನಿಂದ ತೊಳೆಯಬಾರದು. ಅಕಾಂತಮೀಬ ಎಂಬ ಬೇರೊಂದು ಜಾತಿಯು ಗಾಯಗೊಂಡ ಕಣ್ಣಿಗೆ ಸೇರಿ ದೃಷ್ಟಿಯನ್ನೇ ಕೆಡಿಸುವುದುಂಟು.

ನೀರಿಗಿಳಿದ ಹನ್ನೆರಡು ದಿನಗಳೊಳಗೆ ಜ್ವರ, ತೀವ್ರವಾದ ತಲೆನೋವು, ವಾಂತಿ, ಕತ್ತು ಬಿಗಿಯುವುದು ಇವು ಕಂಡುಬಂದರೆ ಒಂದು ಘಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ದು, ಈಜಿದ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಸರ್ಕಾರದವರು ಎಷ್ಟೇ ಪ್ರಕಟನೆಗಳನ್ನು ಹೊರಡಿಸಿದರೂ ಊರಿನ ಹಿರಿಯರ ಒಂದು ಮಾತಿಗೆ ಇರುವ ಬೆಲೆ ಅವಕ್ಕಿಲ್ಲ. ಮುಂದಿನ ಬೇಸಗೆಗೆ ಮುಂಚೆಯೇ ಆ ಮಾತನ್ನು ಅವರು ಆಡುವರೆಂದು ನಂಬಿದ್ದೇನೆ.